ಬೆಟ್ಟದ ಆಚೆ ಮಗ್ಗುಲು

ನಡುರಾತ್ರಿ, ಹಲಗೂರಿನ ಕೊನೇ ಬಸ್ಸೂ ಮಲಗಿದ ಮೇಲೆ
ಅದು ತೆಂಕಣದಿಂದ ಬಡಗಣಕ್ಕೆ ಹೋಗುತ್ತದೆ.
ನೆಟ್ಟಗೆ ಕೆಳಗೆ ನೋಡುವುದಿಲ್ಲ; ಬಲಕ್ಕೆ ಓರೆಯಾಗಿ,
ಜಗಲಿಯಿಂದ ಪಕ್ಕದ ಮನೆಯ ಅಂಗಳ ನೋಡುವವರ ಹಾಗೆ.

ಅದು ಬಿಡುವ ಅಲೆ ಒಂದು ಗೇಣುದ್ದ.
ನನ್ನ ಗೇಣಲ್ಲ, ಮಾಯಿಗಯ್ಯನ ಗೇಣು.
ಎಲೆಗಳಿಗೆ ಸಿಕ್ಕುವುದಿಲ್ಲ.
ಕೊಂಬೆ ತಡವಿ, ಬೊಡ್ಡೆಗೆ ಬಡಿದು, ನೆಲಕ್ಕೆ ಪುಟಿದು
ವಾಪಸು ಬಂದಷ್ಟನ್ನು ಎಣಿಸಿಕೊಳ್ಳುತ್ತದೆ.
ಜಾಸ್ತಿ ಬಂದರೆ ಜಾಸ್ತಿ ಮರ.
ಇಷ್ಟೇ ನನಗೆ ಕಲಿಸಿದ್ದು. ಬಯಲಿನಲ್ಲಿ ಇಷ್ಟೇ ಸಾಕು.

ಮುತ್ತತ್ತಿ ಬಯಲಲ್ಲ.

ಕೋಣನಗುಡ್ಡದ ಪಡುವಣ ಇಳಿಜಾರು
ಅದಕ್ಕೆ ಮುಖ ಕೊಟ್ಟು ನಿಂತಿದೆ; ಪರದೆಯ ಮೇಲೆ ಬೆಳ್ಳಗೆ ಉರಿಯಿತು.
ಗುಡ್ಡದ ನೆತ್ತಿ ಬುಡಕ್ಕಿಂತ ಮೊದಲೇ ಉತ್ತರ ಕೊಟ್ಟು
ಬುಡದ ಮೇಲೆಯೇ ಮಗುಚಿಕೊಂಡಿತ್ತು.
ಮೂಡಣ ಮಗ್ಗುಲು ಕಪ್ಪು.
ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತು ನಾನು
ಪಡುವಣಕ್ಕೆ ಕಡುಹಸಿರು ಬಳಿದೆ,
ಮೂಡಣಕ್ಕೆ ಬರೆದೆ: ಮರ ಕಡಿಮೆಯಾಗಿದೆ.

ಆ ಒಂದು ಸಾಲು
ಮೇಜಿಂದ ಮೇಜಿಗೆ ಇಳಿದು ಇಳಿದು
ಮೂಡಣ ಬೀಟಿನ ವಾಚರ್ ಮಾಯಿಗಯ್ಯನ ಕೈಗೆ
ನೋಟಿಸಾಗಿ ಮುಟ್ಟಿತು:
ನಿಮ್ಮ ಸರಹದ್ದಿನ ಮರಗಳೆಲ್ಲಿ?

ಆತ ಬೈಯಲಿಲ್ಲ. ನೋಟಿಸನ್ನು ನಾಲ್ಕು ಮಡಿಕೆ ಮಾಡಿ
ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಅಂದ:
"ಬನ್ನಿ ಮೇಡಮ್ಮೋರೆ, ಎಣ್ಸ್‌ಬುಡವ."

ದಿಂಡಿಗ, ಜಾಲಾರಿ, ಕಗ್ಗಲಿ, ಮತ್ತೆ ದಿಂಡಿಗ.
ಟೇಪಿನ ತುದಿ ಹಿಡಿದು ಕೇಳಿದ: ಎದೆಮಟ್ಟಕ್ಕೆ ಸುತ್ತಬೇಕು, ಸರಿ.
ಇಳಿಜಾರಲ್ಲಿ ಯಾರ ಎದೆ?
ಮೇಲೆ ನಿಂತ ನಂದಾ, ಕೆಳಗೆ ನಿಂತ ನಿಮ್ದಾ?
ಮೇಲೆ ನಿಂತವರದ್ದು, ಪುಸ್ತಕದಲ್ಲಿ ಹಾಗಿದೆ, ಅಂದೆ.
"ಎಲ್ಲಾ ಕಡೇಲೂ ಹಂಗೇಯ."

ಹಗ್ಗ ಹಿಡಿದು ನಡೆದದ್ದು ಮೂವತ್ತು ಮೀಟರು,
ನಕ್ಷೆಗೆ ಸಲ್ಲುವುದು ಇಪ್ಪತ್ತಾರು.
ಉಳಿದ ನಾಲ್ಕರ ಲೆಕ್ಕ ನಾನು ಬಿಡಿಸಿ ಹೇಳುವ ಮೊದಲೇ
"ಮಂಡೀಗೋಯ್ತು ಬುಡಿ" ಅಂತ ಮಂಡಿ ಉಜ್ಜಿಕೊಂಡ.

ಸಂಜೆಬಿಸಿಲು ತಾಕದ ಮಗ್ಗುಲು. ನೆಲ ಇನ್ನೂ ತಂಪು,
ಕಾಡು ಆಚೆ ಕಡೆಯದಕ್ಕಿಂತ ಒತ್ತು.
ಒಂದು ಕಮರದ ಮರವನ್ನು
ಎರಡು ಕಡೆಯಿಂದ ಇಬ್ಬರೂ ತಬ್ಬಿದೆವು;
ಬೆರಳಿಗೆ ಬೆರಳು ಸಿಗಲಿಲ್ಲ.
ಕೆನ್ನೆಗೆ ತೊಗಟೆ ಒತ್ತಿದ್ದು ಊಟದ ಹೊತ್ತಿನವರೆಗೂ ಉಳಿದಿತ್ತು.

ವಾಪಸು ಬಂದು ಬೆಟ್ಟದ ಓರೆಯನ್ನು ಲೆಕ್ಕಕ್ಕೆ ತಂದೆ.
ಪ್ರತಿ ಚೌಕವನ್ನೂ ಕೇಳಿದೆ: ಆ ರಾತ್ರಿ
ನೀನು ಯಾವ ಕಡೆ ತಿರುಗಿ ಮಲಗಿದ್ದೆ?
ಮುಖ ಕೊಟ್ಟಿದ್ದರ ಬೆಳಕು ತಗ್ಗಿಸಿ,
ಬೆನ್ನು ಕೊಟ್ಟಿದ್ದಕ್ಕೆ ಅದರ ಪಾಲು ಕೊಟ್ಟು.
ಪಡುವಣದ ಉರಿ ಇಳಿಯಿತು. ಮೂಡಣದಲ್ಲಿ
ಮುಸುಕು ಸರಿಸಿ ಒಬ್ಬೊಬ್ಬರೇ ಏಳುವ ಹಾಗೆ ಎದ್ದವು.

ಹೊಳೆಕಡೆಯ ಕಡಿದಾದ ಕೊರಕಲು ಮಾತ್ರ ಏಳಲಿಲ್ಲ.
ಅಲ್ಲಿಗೆ ಅಲೆ ಹೋಗೇ ಇಲ್ಲ; ಹೋಗದೇ ಇದ್ದದ್ದನ್ನು
ಯಾವ ಸೂತ್ರವೂ ವಾಪಸು ತರುವುದಿಲ್ಲ.
ಮೊದಲ ಸಲ ಅಲ್ಲಿ ಸೊನ್ನೆ ಬರೆದಿದ್ದೆ.
ಈಗ ಅಳಿಸಿ ಖಾಲಿ ಬಿಟ್ಟೆ.
ಸೊನ್ನೆ ಅಂದರೆ, ನೋಡಿದೆ, ಇಲ್ಲ.
ಖಾಲಿ ಅಂದರೆ, ನೋಡಿಲ್ಲ.
ಇವೆರಡರ ನಡುವೆ ಒಬ್ಬನ ಮೂರು ತಿಂಗಳ ಸಂಬಳ ಸಿಕ್ಕಿಕೊಂಡಿತ್ತು.

ನೋಟಿಸು ಹಿಂದಕ್ಕೆ ಪಡೆದ ಕಾಗದ ಇನ್ನೂ ಬಂದಿಲ್ಲವಂತೆ.
ನಿನ್ನೆ ಫೋನಿನಲ್ಲಿ ಮಾಯಿಗಯ್ಯ ಕೇಳಿದ್ದು ಅದನ್ನಲ್ಲ.
"ಆ ಕೊರಕಲಲ್ಲಿ ಎಲ್ಡು ಹೊಳೆಮತ್ತಿ ಅವೆ. ಬರ್ಕೊಂಡ್ರಾ?"

ನಕ್ಷೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಬರೆದುಕೊಂಡೆ:
ಹೊಳೆಮತ್ತಿ, ಎರಡು.
ನೋಡಿದವರು: ಮಾಯಿಗಯ್ಯ.