ಅಗರ್, ಹಾಲು, ಮಸಿ

ನಂದಿನಿ ಪ್ಯಾಕೆಟ್ಟು ದಿನಾ ಎರಡು ಬರುತ್ತವೆ ಲ್ಯಾಬಿಗೆ:
ಒಂದು ಟೀಗೆ,
ಒಂದು ಮನುಷ್ಯನ ಮಾಂಸಕ್ಕೆ.
ಎರಡನೆಯದರ ಮೇಲೆ ಜಬೀವುಲ್ಲಾ ಮಾರ್ಕರಿನಲ್ಲಿ ಬರೆದಿಡುತ್ತಾನೆ:
‘ಕುಡಿಯಬೇಡಿ, ಇದು ದೇಹ.’

ಅಗರ್ ಕುದಿಸಿ, ಹಾಲು ಬೆರೆಸಿ,
ಮಸಿ ಮೂರು ಹನಿ ಬಿಟ್ಟರೆ
ಬೆಳಕು ಅದರೊಳಗೆ ದಾರಿ ತಪ್ಪುತ್ತದೆ
ಥೇಟು ನಮ್ಮೊಳಗೆ ತಪ್ಪಿದ ಹಾಗೇ.
ಕರೆಂಟು ಹೋದ ರಾತ್ರಿ ಅಂಗೈ ಕೆಳಗೆ ಟಾರ್ಚು ಹಿಡಿದ
ಮಕ್ಕಳಿಗೆಲ್ಲ ಇದು ಗೊತ್ತು:
ಕೈಯಿಡೀ ಕೆಂಪು,
ಎಲುಬು ಎಲ್ಲಿ ಎಂದು ಮಾತ್ರ ಕೇಳಬಾರದು.

ಅಚ್ಚು, ಪೀಣ್ಯದ ಲೇತಿನಲ್ಲಿ ಕಡೆದದ್ದು.
ಒಳಗೆ ಎರಡು ಗಾಜಿನ ನಳಿಗೆ, ನಡುವೆ ಆರು ಮಿಲಿಮೀಟರ್,
ನಳಿಗೆಯಲ್ಲಿ ಹಸಿರೆಂದು ಹೆಸರಿಟ್ಟ ಬಣ್ಣ.
ಹೆಸರಿಗಷ್ಟೇ ಹಸಿರು; ಅದು ಹೊಳೆಯುವುದು
ಕೆಂಪು ಮುಗಿದ ಮೇಲೆ, ಕಣ್ಣು ಕೈಬಿಟ್ಟ ಕಡೆ.

ಚಿಕ್ಕಪೇಟೆಯ ಕರಿ ಬಟ್ಟೆ ಇಳಿಬಿಟ್ಟು
ಕ್ಯಾಮೆರಾ ತಣ್ಣಗಾಗಲೆಂದು ಕಾಯುತ್ತೇವೆ.
ಯಶವಂತಪುರದ ಕಡೆ ಮೆಟ್ರೋ ಹಾಯ್ದಾಗಲೆಲ್ಲ
ಮೇಜು ಸಣ್ಣಗೆ ನಡುಗುತ್ತದೆ.
ಕೊನೆಯ ರೈಲು ಹೋದ ಮೇಲೆ ಅಳತೆ ಶುರು.

ಮೈಮೇಲೆ ಬಂದು ಬಿದ್ದ ಬೆಳಕನ್ನಷ್ಟೇ ಎಣಿಸಿ
ಒಳಗೆ ಎಲ್ಲಿ ಹುಟ್ಟಿತೆಂದು ಹೇಳಬೇಕು.
ಕೆ.ಆರ್. ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು,
ಹೊರಗೆ ಬರುವವರ ಚೀಲ ನೋಡಿ,
ಸೇವಂತಿಗೆ ಯಾವ ಮೂಲೆಯಲ್ಲಿ ರಾಶಿ ಬಿದ್ದಿದೆ
ಎಂದು ಹೇಳಿದ ಹಾಗೆ.
ಉತ್ತರ ಒಂದಲ್ಲ, ಸಾವಿರ; ಎಲ್ಲವೂ ಹೊಂದುತ್ತವೆ.
ಅದಕ್ಕೇ ಲ್ಯಾಮ್ಡಾ ಎಂಬ ಒಂದು ಕಡಿವಾಣ.
ಬಿಗಿದರೆ ಚಿತ್ರ ಬೆಣ್ಣೆ,
ಬಿಟ್ಟರೆ ಒಗ್ಗರಣೆಯ ಸಾಸಿವೆ.

ಮೂರು ತಿಂಗಳು ನನ್ನ ಪರದೆಯ ಮೇಲೆ
ಎರಡು ನಳಿಗೆಗೂ ಒಂದೇ ಮೋಡ.
‘ಎರಡೇ ಮೇಡಂ, ನನ್ನ ಕೈಯಾರೆ ಇಟ್ಟಿದೀನಿ’
ಅನ್ನುತ್ತಾನೆ ಜಬೀವುಲ್ಲಾ, ಪ್ರತಿ ಸಲ,
ಕೋರ್ಟಿನಲ್ಲಿ ಸಾಕ್ಷಿ ನುಡಿಯುವವನ ಹಾಗೆ.

ಈ ವಾರ ಲೆಕ್ಕಕ್ಕೆ ಒಂದು ಮಾತು ಹೇಳಿಕೊಟ್ಟೆ:
ಒಳಗೆ ಬಹುಪಾಲು ಕತ್ತಲೆ,
ಬೆಳಕಿದ್ದರೆ ಅಲ್ಲೊಂದು ಇಲ್ಲೊಂದು, ಕಂಡಕಂಡಲ್ಲಿ ಹಂಚಬೇಡ.
ಜಿಪುಣತನ ಕಲಿಸಿದೆ.
ನಲವತ್ತನೆಯ ಸುತ್ತಿನಲ್ಲಿ ಮೋಡ ನಡು ಸೀಳಿತು.
ಎರಡು!
ಕುರ್ಚಿಯಿಂದ ಎದ್ದೇಬಿಟ್ಟೆ,
ಆಗ ಕಂಡಿತು ಮೂರನೆಯದು:
ತಳದಲ್ಲಿ, ಎಡಕ್ಕೆ, ಸಾಸಿವೆಯಷ್ಟು.

ಇಲ್ಲದ್ದನ್ನು ಕಾಣಿಸುವುದು ಈ ಲೆಕ್ಕದ ಹಳೇ ಚಾಳಿ.
ಲ್ಯಾಮ್ಡಾ ತುಸು ಬಿಗಿದೆ. ಹೋಯಿತು.
ಚೊಕ್ಕ ಚಿತ್ರ, ಪ್ರಬಂಧಕ್ಕೆ ಹೇಳಿ ಮಾಡಿಸಿದ್ದು.
ಖುಷಿಗೆ ಅವನನ್ನು ಕರೆದು ಎರಡನ್ನೂ ತೋರಿಸಿದೆ.

ಚೊಕ್ಕದ್ದರ ಕಡೆ ಅವನು ನೋಡಲೇ ಇಲ್ಲ.
‘ಸೋಮವಾರ ಎರೆಯುವಾಗ ಕೈ ನಡುಗಿತು ಮೇಡಂ,
ಒಂದು ತೊಟ್ಟು ಬಣ್ಣ ಬಿತ್ತು.
ಅಷ್ಟರಲ್ಲಿ ಅಗರ್ ಹೆಪ್ಪಾಗ್ತಿತ್ತು. ಹೇಳಲಿಲ್ಲ.
ಹಾಲು ವೇಸ್ಟಾಗತ್ತಲ್ಲ ಅಂತ.’

ಸಿಟ್ಟೂ ಬಂತು, ನಗುವೂ.
ಅಳಿಸಿದ್ದೆನಲ್ಲ ಅದನ್ನು, ಒಂದೇ ಬೆರಳಿನಲ್ಲಿ,
ಎಷ್ಟು ಸಲೀಸಾಗಿ!
ಇದೇನೋ ಅಗರ್. ಮುಂದಿನ ವರ್ಷ
ಹೊಸೂರು ರಸ್ತೆಯ ಆಸ್ಪತ್ರೆಯಿಂದ ಬರುವುದು ಅಗರ್ ಅಲ್ಲ;
ಅಲ್ಲಿ ಕೈ ನಡುಗಿತೆಂದು ಒಪ್ಪಿಕೊಳ್ಳಲು
ಎರೆದವರು ಯಾರೂ ಪಕ್ಕದಲ್ಲಿ ನಿಂತಿರುವುದಿಲ್ಲ.

ಕಡಿವಾಣ ಮತ್ತೆ ಸಡಿಲಿಸಿದೆ.
ಅದೂ ಬಂತು, ಅದರ ಜೊತೆ ಇನ್ನೂ ಐದಾರು,
ಯಾವುದು ನಿಜವೆಂದು ಹೇಳದೆ.
ನೋಟ್‌ಬುಕ್ಕಿನಲ್ಲಿ ಬರೆದೆ: ‘ಮೂರು. ಮೂರನೆಯದು ಜಬೀವುಲ್ಲಾನದು.’

ಅವನು ಆಗಲೇ ಸ್ಟೌವಿನ ಮೇಲೆ ನೀರಿಟ್ಟಿದ್ದ.
ಅಕ್ಷರ ಅಳಿಸಿಹೋದ ಪ್ಯಾಕೆಟ್ಟೊಂದನ್ನು
ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು,
ಇದು ಯಾವುದೆಂದು ನೋಡುತ್ತಿದ್ದ.