ಗೋಡೆಗೇನು ಚಳಿಯಾ?

ಚೌಕಿಪೇಟೆಯ ಟೈಲರ್ ಚಮನ್‌ಸಾಬರು
ತೂಕಕ್ಕೆ ಹಾಕಿಕೊಡುವ ಚಿಂದಿಯಲ್ಲಿ
ನಾನು ಮೊದಲು ಹುಡುಕುವುದು ಕೆನ್ನೆಯ ಬಣ್ಣ.
ಗೋಧಿ ಬಣ್ಣವೆಂದರೆ ಒಂದೇ ಅಲ್ಲ,
ನೆನೆದ ಗೋಧಿ, ಹುರಿದ ಗೋಧಿ,
ಮುಗ್ಗು ಹಿಡಿದ ಗೋಧಿ.
ಅವರಿಗೂ ಈಗ ಗೊತ್ತು.
"ಇದು ನಿಮ್ಮ ದೊಡ್ಡವ್ವಗೆ ಆಗುತ್ತೆ ನೋಡಿ" ಅಂತ
ಯಾವುದೋ ಲಂಗದ ಅಂಚು ಎತ್ತಿಟ್ಟಿರುತ್ತಾರೆ.

ಹಳೇ ಧೋತ್ರ ಹಾಸಿ, ಸೀಮೆಸುಣ್ಣದಲ್ಲಿ
ಮೊದಲು ಹುಬ್ಬು.
ಹುಬ್ಬು ಕೂತರೆ ಮನುಷ್ಯರು ಬಂದು ಕೂತ ಹಾಗೆ.
ಆಮೇಲೆ ಬಣ್ಣ, ನೀರುಮಜ್ಜಿಗೆಯಷ್ಟು ತೆಳ್ಳಗೆ.
ದಪ್ಪ ಬಳಿದರೆ ಸೂಜಿ ಮುರಿಯುತ್ತದೆ.
ಎರಡು ಮುರಿದಿದ್ದೇನೆ
ದೊಡ್ಡವ್ವ ಕೊಟ್ರವ್ವನ ಮೂಗಿನ ಮೇಲೆ;
ಬದುಕಿದ್ದಾಗಲೂ ಅಷ್ಟೇ ಗಟ್ಟಿ ಅವಳ ಮೂಗು.

ಮಂಡಕ್ಕಿ ಭಟ್ಟಿಯ ಖುತೇಜಾಬಿಗೆ
ಅಂಗಡಿಯ ಕಪ್ಪು ಹೊಂದಲಿಲ್ಲ.
ಆಕೆಯ ಒಲೆಯ ಹಿಂದಿನ ಮಸಿಯನ್ನೇ ಕೆರೆದು ತಂದು
ಗೋಂದಿನಲ್ಲಿ ಕಲಸಿ ಕಣ್ಣಿಗೆ ತೀಡಿದೆ.
ನಲವತ್ತು ವರ್ಷ ಕಾದ ಮರಳನ್ನು ನೋಡಿದ ಕಣ್ಣು.
ನಾಲ್ಕು ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿ
ತನ್ನ ಹೆಸರು ಬರೆಯುವುದನ್ನು
ಎಲ್ಲರ ಊಟ ಆದ ಮೇಲೆ ಉಂಡಂತೆ
ಕೊನೆಗೆ ಕಲಿತವಳು.
ಕೌದಿ ಬಿಡಿಸಿ ತೋರಿಸಿದ ದಿನ
ಬಹಳ ಹೊತ್ತು ಸುಮ್ಮನೆ ನೋಡಿ,
"ಬಲಗಡೆ ಹಲ್ಲು ಬಿದ್ದಿದೆಯಲ್ಲ, ಅದು ಯಾಕೆ ಬರೆದಿಲ್ಲ?"
ಹೊಲಿದ ತುಟಿಯನ್ನು ಬಿಚ್ಚಿದೆ,
ನಗಿಸಿ ಮತ್ತೆ ಹೊಲಿದೆ.

ಅವ್ವನದು ಕಷ್ಟ.
ಕಾಟನ್ ಮಿಲ್ಲಿನ ಎರಡನೇ ಪಾಳಿ ಮುಗಿಸಿ
ಬಂದವಳ ತಲೆ ತುಂಬ ಅರಳೆ;
ಮೂವತ್ತಕ್ಕೇ ಮುದುಕಿ,
ಬಚ್ಚಲಿಗೆ ಹೋಗಿ ಬಂದರೆ ಹರೆಯದವಳು.
ಬಾಗಿಲಲ್ಲಿ ಕಾಯುತ್ತಿದ್ದ ನನಗೆ
ದಿನಾ ಇಬ್ಬರು ಅವ್ವಂದಿರು.
ಈಗ ಎಷ್ಟು ತೊಳೆದರೂ ಒಬ್ಬಳೇ.
ಕೂದಲಿಗೆ ಯಾವ ಬಣ್ಣ ಅಂತ ಕೇಳಿದರೆ
"ಕಪ್ಪು ಹಚ್ಚು, ಮ್ಯಾಲೆ ಒಂದೀಟು ಅರಳಿ ಉದುರ್ಸು.
ನಿಜ ಹೇಳ್ದಂಗೂ ಆತು, ವಯಸ್ಸು ಮುಚ್ಚಿಟ್ಟಂಗೂ ಆತು."

ಹಾಲವ್ವ ಚಿಗವ್ವನದು ಇರುವುದು ಒಂದೇ ಫೋಟೋ,
ಅದೂ ಯಾರದೋ ಮದುವೆಯದು.
ಎಲ್ಲರೂ ಕ್ಯಾಮೆರಾ ಕಡೆ,
ಇವಳೊಬ್ಬಳು ಅತ್ತ ತಿರುಗಿದ್ದಾಳೆ
ಚಾಪೆಯ ಮೇಲೆ ಅತ್ತ ಕೂಸಿನ ಕಡೆಗೆ.
ಕೂಸು ನಾನು.
ಮುಂದಿನ ವರ್ಷ ಚಿಗವ್ವ ಇರಲಿಲ್ಲ.
ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕೋ
ಅವ್ವ ಒಂದು ಹೇಳಿದರೆ ಸೋದರಮಾವ ಇನ್ನೊಂದು.
ಮುಖ ಕಟ್ಟಬಹುದಿತ್ತು
ಅವ್ವನ ಗದ್ದ ತೆಗೆದುಕೊಂಡು, ನನ್ನ ಹಣೆ ಕೊಟ್ಟು.
ಕೈ ಒಪ್ಪಲಿಲ್ಲ.
ಬೆನ್ನನ್ನೇ ಬರೆದೆ:
ತುರುಬು, ತುರುಬಿನಿಂದ ಜಾರಿದ ಎಳೆ,
ಬಿಸಿಲಿಗೆ ಕಂದಿದ ಕತ್ತು,
ಟ್ರಂಕಿನ ತಳದಲ್ಲಿ ಸಿಕ್ಕ ಅವಳದೇ ಇಳಕಲ್ ಸೀರೆಯ
ಗೇಣುದ್ದ ಚೂರು.

ಕಲಾ ಕಾಲೇಜಿನ ಮೇಷ್ಟ್ರು ಬಂದರು.
ಸಾಲಾಗಿ ಹರವಿದ ಹೆಂಗಸರನ್ನೆಲ್ಲ ಮೆಚ್ಚಿ
ಚೌಕಟ್ಟು ಅಂದರು, ಗಾಜು ಅಂದರು,
ಬಿಳೀ ಗೋಡೆಯಲ್ಲಿ ಹೇಗೆ ಕಾಣುತ್ತದೆ ಅಂದರು.
ಅವ್ವ ಎಲೆಯಡಿಕೆ ದವಡೆಗೆ ದಬ್ಬಿ,
"ಗೋಡೆಗೇನು ಚಳಿಯಾ?"
ಮೇಷ್ಟ್ರು ನಕ್ಕರು. ಬೆನ್ನಿನ ಕೌದಿಯ ಹತ್ತಿರ ನಿಂತು
ಇವರ ಮುಖ ಎಲ್ಲಿ ಅಂತ ಕೇಳಿದರು.
ಚಾ ಇಟ್ಟಿದ್ದೇನೆಂದು ನಾನು ಒಳಗೆ ಹೋದೆ.

ಮೊನ್ನೆ ಥಂಡಿ ಜೋರು.
ಅವ್ವ ಗೂಟದ ಮೇಲಿಂದ
ಚಿಗವ್ವನನ್ನೇ ಎಳೆದುಕೊಂಡು ಮಗ್ಗುಲಾದಳು,
ಬಣ್ಣದ ಕಡೆ ಮೇಲೆ, ಹೊಲಿಗೆಯ ಕಡೆ ಒಳಗೆ.
ಒಳಮೈಯಲ್ಲಿ ಚಿತ್ರವಿಲ್ಲ,
ಬರೀ ದಾರ, ಗಂಟು,
ದಾರಿ ತಪ್ಪಿ ವಾಪಸು ಬಂದ ಹೊಲಿಗೆ.

ಬೆಳಿಗ್ಗೆ ಎದ್ದಾಗ ಅವ್ವನ ಮುಖದ ಮೇಲೆ
ಆ ಸಾಲುಗಳು ಒತ್ತಿಕೊಂಡಿದ್ದವು,
ಕಿವಿಯಿಂದ ಗದ್ದದವರೆಗೆ.
ಒಂದು ಲೋಟ ಚಾ ಮುಗಿಯುವುದರೊಳಗೆ ಮಾಸಿದವು.
ಅಷ್ಟರಲ್ಲಿ ನಾನು ನೋಡಿಕೊಂಡಿದ್ದೆ,
ಮೂಗಿನ ಮೇಲೊಂದು ಗಂಟಿನ ಗುರುತು.
ಎಡಕ್ಕೆ.