ಮಿರಜದಾಗ ಒಂದೂವರಿ ದಿನದ ರಜೆ

ಶನಿವಾರ ಮಧ್ಯಾಹ್ನ ಎರಡಕ್ಕ
ಕೈ ತಿಕ್ಕಿ ತಿಕ್ಕಿ ತೊಳಕೊಂಡೆ.
ಆದರೂ ಉಗುರಿನ ಸಂದ್ಯಾಗ ಪ್ಲಾಸ್ಟರಿನ ಬಿಳಿ ಉಳದಿತ್ತು.
ಹದಿನೇಳು ವರ್ಷ ಆತು ಎಲುಬಿನ ವಾರ್ಡಿನಾಗ:
ಮುರದದ್ದನ್ನ ಸುತ್ತೂದು, ಕೂಡಿದ್ದನ್ನ ಬಿಚ್ಚೂದು.
ಸೋಮವಾರ ಮುಂಜಾನೆ ಏಳರ ತನಕ
ಯಾರ ಕಾಲೂ ನನ್ನದಲ್ಲ.

ಮೊದಲು ಶಾಲನ್‌ನ ಮೊಮ್ಮಗಳ ತೊಟ್ಟಲು.
ಕಿವಿಯಾಗ ಹೆಸರು ಒಬ್ಬರು ಮರಾಠಿಯೊಳಗ ಕರದರು,
ಒಬ್ಬರು ಕನ್ನಡದಾಗ;
ಕೂಸು ಎರಡಕ್ಕೂ ಸೀನಿತು.
ಹೆಸರಿಟ್ಟ ಅತ್ತಿಯ ಬೆನ್ನಿಗೆ ಎಲ್ಲಾರೂ ಧಡಧಡ ಗುದ್ದಿದರು.
ನಾನು ಮೆಲ್ಲಕ ಮುಟ್ಟಿ ಬಿಟ್ಟೆ.
ಆಕಿಯ ಸೊಂಟದ ಮ್ಯಾಲಿನ ಮಣಿ ಸರದದ್ದು
ಆ ಮನಿಯಾಗ ಆಕಿಗೆ ಮತ್ತ ನನಗಷ್ಟ ಗೊತ್ತು.
ಬರೂವಾಗ ಒಂದು ಮುಷ್ಟಿ ಗುಗ್ಗರಿ ಕಾಗದದಾಗ ಸುತ್ತಿ
ಪರ್ಸಿನಾಗ ತುರುಕಿದರು.

ಸಂಜೀಕ ದಸ್ತಗೀರ ಮಾಮಾನ ಅಂಗಡಿ.
ಮಾಳಿಗಿಗೆ ಜೋತುಬಿದ್ದ ಒಣಸೋರೆಯ ಬುರುಡಿ,
ಕೆಳಗ ಚಾಪಿ, ಚಾಪಿಯ ತುಂಬ ಮಂದಿ.
ಹೋದ ಮಳಿಗಾಲದಾಗ ನಾನು ಕಟ್ಟಿದ ಮಣಿಕಟ್ಟಿನಿಂದ
ಅರಾ ಹಿಡದು ಸಿತಾರಿನ ಕುದರಿ ಉಜ್ಜತಿದ್ದ.
“ತಡೀ ಬೇಟಿ, ಜವಾರಿ ತಗೀಬೇಕು” ಅಂದ.
ನಗು ಬಂತು.
ನಮ್ಮ ಕಡೆ ಜವಾರಿ ಅಂದರ ಬದನೀಕಾಯಿ, ಕೋಳಿ, ಬೈಗಳ;
ಅವನ ಕಡೆ ಅದು
ತಂತಿಗೂ ಎಲುಬಿಗೂ ನಡುವ ಕೂದಲೆಳಿಯಷ್ಟು ಸಂದು.
ಅಲ್ಲೇ ಸ್ವರ ಗುಂಯ್ ಅಂತ ನಿಂತು
ಹೋಗಲೋ ಬ್ಯಾಡೋ ಅಂತದ.

ಹುಡುಗನೊಬ್ಬ ಮಾರವಾ ಬಾರಿಸಿದ.
ಷಡ್ಜದ ಬಾಗಲದ ತನಕ ಬಂದು,
ಒಳಗ ಬರದ,
ಚಪ್ಪಲಿ ಬಿಟ್ಟಂಗ ಮಾಡಿ ತಿರುಗಿ ಹೋಗತಿದ್ದ.
ಜಂಕ್ಷನ್ನಿನಾಗ ಇಂಜಿನ್ನು ಕೂಗಿತು, ಪೂರಾ ಬೇಸುರ.
ಯಾರೂ ಬೈಯಲಿಲ್ಲ.
ಮಿರಜದಾಗ ಅದಕ್ಕೂ ಒಂದು ಚಾಪಿ ಹಾಸಿರತದ.

ಆಯ್ತವಾರ ಎಲ್ಲಿ ಹೋತೋ ತಿಳೀಲಿಲ್ಲ.
ತಮ್ಮನ ಮನಿಯಾಗ ಸುಸಲಾ, ಮೆಹರುನ್ನಿಸಾನ ಕಡೆ ಊಟ,
ನಡುವ ಮೂರು ಚಾ, ಒಂದು ಜಗಳ,
ಜಗಳ ಮುರಿಯಾಕ ಮತ್ತೊಂದು ಚಾ.
ರಾತ್ರಿಗೆ ಸಾಂಗಲಿಯೊಳಗ ಬ್ಯಾಲೆ.
ಡಾಕ್ಟರ್ ಬಾಯಿ ಪುಣೆಕ್ಕ ಹೋಗಬೇಕಾಗಿ
ತಮ್ಮ ಎರಡು ಪಾಸು ನನ್ನ ಕೈಯಾಗ ಇಟ್ಟಿದ್ದರು.

ರತ್ನಪ್ರಭಾ ಮಗದುಮ ಇಳಕಲ್ಲು ಉಟ್ಟು ಬಂದಳು.
ಪರದೆ ಸರದದ್ದ ತಡ
ನನ್ನ ತೊಡಿ ಚಿವುಟಿದಳು: “ನೆಲ ಮುಟ್ಟೂದಿಲ್ಲಲ್ಲೇ ಇವರು!”
ಮುಟ್ಟತಾರ, ರತ್ನಾ.
ಒಂದ ಬೆರಳಿನ ತುದಿಯಿಂದ ಮುಟ್ಟತಾರ.
ನಾನು ಹಂಸ ನೋಡಲಿಲ್ಲ, ಚಂದ್ರನ್ನ ನೋಡಲಿಲ್ಲ.
ಒಂದು ಪಾದಕ್ಕ ಇಪ್ಪತ್ತಾರು ಎಲುಬು;
ಹದಿನಾರು ಮಂದಿಗೆ ಎಷ್ಟಾತು ಅಂತ
ಕತ್ತಲಾಗ ಲೆಕ್ಕ ಹಾಕತಿದ್ದೆ.

ಆಗ ಎಡಕ್ಕಿನಿಂದ ಎರಡನೇಕಿ ಹಾರಿದಳು.
ಇಳಿಯೂವಾಗ ಹಿಮ್ಮಡ ಒಂದು ಗೋದಿಕಾಳಿನಷ್ಟು ಒಳಗ ಹೊಳ್ಳಿತು.
ಮುಖ ಹೊಳ್ಳಲಿಲ್ಲ.
ಅದ ನಗಿ, ಅದ ಕುತ್ತಿಗಿ, ಮತ್ತ ಹಾರಿದಳು,
ಈ ಸಲ ಇನ್ನಷ್ಟು ಎತ್ತರ.
ಮಂದಿ ಚಪ್ಪಾಳಿ ಹೊಡದರು.
ನನ್ನ ಕೈ ತನ್ನಷ್ಟಕ್ಕ ತಾನ ಪರ್ಸಿನಾಗ ಹೋಗಿ ಪಟ್ಟಿ ಹುಡುಕಿತು.
ಸಿಕ್ಕದ್ದು ಗುಗ್ಗರಿ.
ರತ್ನಾಗ ಅರ್ಧ ಕೊಟ್ಟೆ.
ಕತ್ತಲಾಗ ಇಬ್ಬರೂ ಅಗದೆವು.
ಯಾರೋ ಹಿಂದಿನಿಂದ “ಶ್” ಅಂದರು.

ವಡಾಪ್ ರಿಕ್ಷಾದಾಗ ಎಂಟು ಮಂದಿ,
ನನ್ನ ಮೊಣಕಾಲ ಮ್ಯಾಲೆ ಯಾರದೋ ಮೊಸರಿನ ಗಡಗಿ.
ರತ್ನಾ ದಾರಿಯುದ್ದಕ್ಕೂ ಹಾಡಿದಳು;
ಬ್ಯಾಲೆಯೊಳಗ ಹಾಡ ಇರಲಿಲ್ಲಂತ ಆಕಿಗೆ ಸಿಟ್ಟು.

ಮನಿಗೆ ಬಂದಾಗ ಹನ್ನೆರಡೂವರಿ.
ಚಾದ ಡಬ್ಬಿ ಮ್ಯಾಲಿನ ಫಳಿ ಮ್ಯಾಲೆ,
ದಿನಾ ಸ್ಟೂಲು ಹಾಕಿ ತಗೀತೀನಿ.
ಇವತ್ತು ಸ್ಟೂಲು ಕಾಲಿಂದ ಅತ್ತಾಗ ನೂಕಿದೆ.
ಐವತ್ತೆರಡು ವರ್ಷ, ಎಪ್ಪತ್ತೆಂಟು ಕಿಲೋ,
ಸೆರಗು ನಡಕ್ಕ ಸಿಗಿಸಿ
ಕಟ್ಟಿ ಹಿಡಕೊಂಡು
ತುದಿಬೆರಳಿನ ಮ್ಯಾಲೆ ಎದ್ದೆ.
ಒಂದು.
ಎರಡು.
ಇಪ್ಪತ್ತಾರು ಮಂದಿ ಒಮ್ಮಿಗೆ ಬೈದರು.
ಮೂರು ಅನ್ನೂದ್ರಾಗ ಡಬ್ಬಿ ಕೈಗೆ ಬಂತು.
ಮುಚ್ಚಳ ತಗದು ನೋಡಿದರ
ಚಾಪುಡಿ ತೀರಿತ್ತು.